ಎರಡು ಕಣ್ಣು, ಒಂದು ನೋಟ

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾನ ಕಾಲದಲ್ಲಿ, 1367ರಲ್ಲಿ ಕಟ್ಟಲಾಯಿತು. ಅದರ ಶಾಸನದಲ್ಲಿ ಇರಾನಿನ ಕಜ್ವೀನ್ ಮೂಲದ ರಫೀ ಎಂಬವರ ಹೆಸರಿದೆ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಈ ಮಸೀದಿಗೆ ತೆರೆದ ಅಂಗಳವಿಲ್ಲ. ಪೂರ್ತಿ ಛಾವಣಿ ಹೊದಿಸಿದ್ದಾರೆ. ಒಳಗೆ ನಿಂತು ನೋಡಿದರೆ ಕಮಾನಿನ ಹಿಂದೆ ಕಮಾನು ಕಿರಿದಾಗುತ್ತ ದೂರಕ್ಕೆ ಸಾಗುತ್ತದೆ. ಒಂದು ಕಣ್ಣು ಮುಚ್ಚಿಕೊಂಡರೂ ಆ ದೂರ ನಮಗೆ ತಿಳಿಯುತ್ತದೆ. ಆದರೆ ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಲು ಹೋದರೆ ಕೈ ತಪ್ಪುತ್ತದೆ. ಹಾಗಾದರೆ ಎರಡನೆಯ ಕಣ್ಣಿನ ಕೆಲಸವೇನು? ಈ ಪ್ರಶ್ನೆಯ ಇತಿಹಾಸದಲ್ಲಿ ಒಂದು ದೊಡ್ಡ ಅಧ್ಯಾಯ ಅರಬಿ ಭಾಷೆಯಲ್ಲಿದೆ.

ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಥಮ್ ‘ಕಿತಾಬುಲ್ ಮನಾಝಿರ್’ ಎಂಬ ಏಳು ಭಾಗಗಳ ಗ್ರಂಥ ಬರೆದರು. ಎರಡು ಕಣ್ಣಿನ ನೋಟವನ್ನು ಗ್ರೀಕ್ ವಿದ್ವಾಂಸ ಟಾಲೆಮಿ ಮೊದಲೇ ಪರೀಕ್ಷಿಸಿದ್ದನು. ಇಬ್ನುಲ್ ಹೈಥಮ್ ಅದನ್ನು ಇನ್ನೂ ಮುಂದಕ್ಕೆ ಒಯ್ದರು. ಮರದ ಹಲಗೆಯ ಮೇಲೆ ಬಣ್ಣದ ಗೆರೆಗಳನ್ನೆಳೆದು, ಮೇಣದ ಸಣ್ಣ ತುಂಡುಗಳನ್ನು ನಿಲ್ಲಿಸಿ, ಹಲಗೆಯ ಅಂಚನ್ನು ಮೂಗಿನ ಬುಡಕ್ಕೆ ತಾಗಿಸಿ ನೋಡಿದರು. ದೃಷ್ಟಿ ನೆಟ್ಟ ವಸ್ತು ಒಂದೇ ಆಗಿ ಕಂಡಿತು. ಅದೇ ನೇರದಲ್ಲಿ ಹಿಂದೆ ಮುಂದೆ ಇದ್ದವು ಎರಡೆರಡಾಗಿ ಕಂಡವು. ಕೇವಲ ಊಹೆಗೆ ಬಿಡದೆ ಪ್ರಯೋಗದಿಂದ ಒರೆಗೆ ಹಚ್ಚುವುದು ಅವರ ಕ್ರಮವಾಗಿತ್ತು. ನಂತರ ಪರ್ಷಿಯಾದ ಕಮಾಲುದ್ದೀನ್ ಅಲ್ ಫಾರಿಸಿ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದರು. ಲ್ಯಾಟಿನ್ ಅನುವಾದದ ಮೂಲಕ ಅದು ಯುರೋಪನ್ನೂ ತಲುಪಿತು.

ಎರಡು ಕಣ್ಣುಗಳಲ್ಲಿ ಮೂಡುವ ಚಿತ್ರಗಳ ಸಣ್ಣ ವ್ಯತ್ಯಾಸವೇ ಆಳದ ಅರಿವನ್ನು ಕೊಡುತ್ತದೆಂದು ಸಿದ್ಧಪಡಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್. 1838ರಲ್ಲಿ ಅವರು ಕನ್ನಡಿಗಳಿರುವ ಸ್ಟೀರಿಯೋಸ್ಕೋಪ್ ಎಂಬ ಸಾಧನವನ್ನು ವಿವರಿಸಿದರು. ಅದರಲ್ಲಿ ಎರಡು ಚಪ್ಪಟೆ ಚಿತ್ರಗಳು ಕೂಡಿ ಉಬ್ಬುತಗ್ಗುಳ್ಳ ಒಂದು ವಸ್ತುವಾಗಿ ಕಾಣುತ್ತಿದ್ದವು. 1960ರಲ್ಲಿ ಬೇಲಾ ಯೂಲೆಶ್ ಬರೀ ಚುಕ್ಕೆಗಳ ಚಿತ್ರಗಳಿಂದ, ಬೇರೆ ಯಾವ ಸುಳಿವೂ ಇಲ್ಲದೆ ಈ ವ್ಯತ್ಯಾಸವೊಂದರಿಂದಲೇ ಆಳ ಕಾಣುತ್ತದೆಂದು ತೋರಿಸಿದರು.

ಹಾಗಾದರೆ ನೋಟ ಮಸುಕಾದರೆ ಏನಾಗುತ್ತದೆ? ಚಿತ್ರದ ಅಂಚುಗಳು ಕದಡಿದಾಗ ಆ ಸೂಕ್ಷ್ಮ ವ್ಯತ್ಯಾಸವನ್ನು ಅಳೆಯಲು ಮೆದುಳಿಗೆ ಕಷ್ಟವಾಗುತ್ತದೆ. ಇದು ಸಹಜ. ಆಶ್ಚರ್ಯದ ಸಂಗತಿ ಬೇರೆ ಇದೆ. ವೆಸ್ಟ್‌ಹೈಮರ್ ಮತ್ತು ಮೆಕೀ ಎಂಬ ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡೂ ಕಣ್ಣು ಸಮನಾಗಿ ಮಸುಕಾಗುವುದಕ್ಕಿಂತ ಒಂದೇ ಕಣ್ಣು ಮಸುಕಾದರೆ ಆಳದ ಅರಿವು ಹೆಚ್ಚು ಕೆಡುತ್ತದೆ. ಒಂದು ಕಣ್ಣು ಚೆನ್ನಾಗಿದ್ದರೆ ಸಾಕೆನ್ನುವ ನಮ್ಮ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಎರಡು ಚಿತ್ರಗಳು ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಮೆದುಳು ಮಸುಕಾದುದನ್ನು ಬದಿಗೆ ಸರಿಸತೊಡಗುತ್ತದೆ.

ಎಳೆಯ ಮಕ್ಕಳಲ್ಲಿ ಹೀಗಾದರೆ ಅಪಾಯ ಹೆಚ್ಚು. ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲಕಾಲ ಮುಚ್ಚಿ, ಮೆದುಳಿನಲ್ಲಿ ಆ ಕಣ್ಣಿನ ಸಂಪರ್ಕಗಳು ಕ್ಷೀಣಿಸುವುದನ್ನು ಕಂಡರು. ದೃಷ್ಟಿಯ ಕುರಿತ ಸಂಶೋಧನೆಗಾಗಿ 1981ರ ನೊಬೆಲ್ ಪ್ರಶಸ್ತಿಯಲ್ಲಿ ಅವರು ಪಾಲು ಪಡೆದರು. ಒಂದು ಕಣ್ಣಿನ ಮಸುಕನ್ನು ಬಾಲ್ಯದಲ್ಲೇ ಸರಿಪಡಿಸದಿದ್ದರೆ ಅದು ‘ಸೋಮಾರಿ ಕಣ್ಣು’ ಆಗಬಹುದು. ಕನ್ನಡಕ ಕೊಡುವುದು, ಒಳ್ಳೆಯ ಕಣ್ಣನ್ನು ದಿನದಲ್ಲಿ ಕೆಲ ಹೊತ್ತು ಮುಚ್ಚಿಡುವುದು ಮುಂತಾದ ಚಿಕಿತ್ಸೆಗಳಿವೆ. ವಯಸ್ಸು ಏರಿದಂತೆ ಅವುಗಳ ಫಲ ಕಡಿಮೆಯಾಗುತ್ತದೆ.

ಇಂಥ ಮಗು ದೂರು ಹೇಳುವುದಿಲ್ಲ. ಒಳ್ಳೆಯ ಕಣ್ಣಿನಿಂದ ಕರಿಹಲಗೆಯನ್ನು ಓದುತ್ತದೆ. ಮಸೀದಿಯ ಕಮಾನುಗಳ ದೂರವನ್ನೂ ಅರಿಯುತ್ತದೆ. ಚೆಂಡು ಹಿಡಿಯುವಾಗ, ಲೋಟಕ್ಕೆ ನೀರು ಸುರಿಯುವಾಗ ತಪ್ಪಿದರೆ ಅಜಾಗರೂಕತೆ ಎಂದು ಬೈಸಿಕೊಳ್ಳುತ್ತದೆ. ಆದುದರಿಂದ ಪೋಷಕರು ಮತ್ತು ಶಿಕ್ಷಕರು ಒಂದೊಂದು ಕಣ್ಣನ್ನು ಮುಚ್ಚಿಸಿ ಬೇರೆ ಬೇರೆಯಾಗಿ ಓದಿಸಿ ನೋಡಬೇಕು. ವ್ಯತ್ಯಾಸ ಕಂಡರೆ ನೇತ್ರತಜ್ಞರ ಬಳಿ ಕರೆದೊಯ್ಯಬೇಕು. ಶಾಲೆಗೆ ಸೇರುವ ಮೊದಲೊಮ್ಮೆ ತಜ್ಞರಿಂದ ತಪಾಸಣೆ ಮಾಡಿಸುವುದು ಇನ್ನೂ ಒಳ್ಳೆಯದು.

ಇಬ್ನುಲ್ ಹೈಥಮರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ವಿದ್ಯಾರ್ಥಿ ಮಿತ್ರರೇ, ಅವರಂತೆ ಪರೀಕ್ಷಿಸಿ ನೋಡುವ ಅಭ್ಯಾಸವನ್ನೂ ಬೆಳೆಸಿಕೊಂಡರೆ ಆ ಅಭಿಮಾನಕ್ಕೆ ಅರ್ಥ ಬರುತ್ತದೆ. ಮನೆಯಲ್ಲಿರುವ ತಮ್ಮ ತಂಗಿಯರ ಕಣ್ಣುಗಳಿಂದಲೇ ಇದನ್ನು ಆರಂಭಿಸಬಹುದು.