ಮೀಟರಿನ ಎರಡನೆಯ ಓದು

ಕಟ್ಟಡವೊಂದರ ವಿದ್ಯುತ್ ಬಳಕೆಯನ್ನು ಅಳೆದು, ಆ ಅಂಕಿಗಳ ಆಧಾರದ ಮೇಲೆ ಬಳಕೆಯನ್ನು ತಗ್ಗಿಸುವ ಕ್ರಮ ಇಂದು ಕಟ್ಟಡ ನಿರ್ವಹಣೆಯ ಸಾಮಾನ್ಯ ಭಾಗವೆನಿಸಿದ್ದರೂ, ಅದಕ್ಕೆ ಬೇಕಾದ ಮೀಟರು ಹುಟ್ಟಿದ್ದು ಉಳಿತಾಯಕ್ಕಾಗಿ ಅಲ್ಲ, ವಸೂಲಿಗಾಗಿ. ಮೀಟರಿನ ಮೊದಲ ತೊಂಬತ್ತು ವರ್ಷಗಳ ಚರಿತ್ರೆ ಬಹುಮಟ್ಟಿಗೆ ಮಾರುವವನು ತನ್ನ ಸರಕನ್ನು ಅಳೆದುಕೊಟ್ಟ ಚರಿತ್ರೆಯಾಗಿದ್ದು, ಕೊಂಡವನು ಅದೇ ಅಂಕಿಗಳನ್ನು ತನ್ನ ಪ್ರಯೋಜನಕ್ಕಾಗಿ ಕ್ರಮಬದ್ಧವಾಗಿ ಓದತೊಡಗಿದ್ದು 1970ರ ದಶಕದಿಂದೀಚೆಗೆ.

1882ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ಸುತ್ತಲಿನ ಕಟ್ಟಡಗಳಿಗೆ ವಿದ್ಯುತ್ ಪೂರೈಸಲಾರಂಭಿಸಿದ ಎಡಿಸನ್ನನ ಸಂಸ್ಥೆ ಬಳಸುತ್ತಿದ್ದುದು ರಾಸಾಯನಿಕ ಮೀಟರನ್ನು. ಗ್ರಾಹಕನಿಗೆ ಹರಿಯುವ ವಿದ್ಯುತ್ತಿನ ಒಂದು ಅಲ್ಪಾಂಶವನ್ನು ಸತುವಿನ ಲವಣದ ದ್ರಾವಣದಲ್ಲಿ ಮುಳುಗಿಸಿದ ಸತುವಿನ ಫಲಕಗಳ ಮೂಲಕ ಹಾಯಿಸಿ, ನಿಗದಿತ ಅವಧಿಯ ಕೊನೆಗೆ ಫಲಕಗಳನ್ನು ಒಯ್ದು ತಕ್ಕಡಿಯಲ್ಲಿಟ್ಟು, ತೂಕದಲ್ಲಾದ ವ್ಯತ್ಯಾಸದಿಂದ ಬಳಕೆಯನ್ನು ಲೆಕ್ಕ ಹಾಕಲಾಗುತ್ತಿತ್ತು. ಈ ಮೀಟರನ್ನು ಗ್ರಾಹಕ ತಾನೇ ಓದುವಂತಿರಲಿಲ್ಲ. ಅಂಗಡಿಯವನ ತಕ್ಕಡಿಯನ್ನು ನಂಬಿದಂತೆ ಕಂಪನಿಯ ತಕ್ಕಡಿಯನ್ನು ನಂಬಬೇಕಿತ್ತು. 1880ರ ದಶಕದ ಕೊನೆಯಲ್ಲಿ ಅಮೆರಿಕದ ಷಾಲೆನ್‌ಬರ್ಗರ್, ಹಂಗೆರಿಯ ಬ್ಲಾಥಿ ಮೊದಲಾದವರು ರೂಪಿಸಿದ ತಿರುಗುವ ಮೀಟರುಗಳು ಬಂದ ಮೇಲೆ ಅಂಕಿಗಳು ಗ್ರಾಹಕನ ಕಣ್ಣಿಗೆ ಬಿದ್ದುವಾದರೂ, ಅವುಗಳ ಉದ್ದೇಶ ಬದಲಾಗಲಿಲ್ಲ.

1892ರಲ್ಲಿ ಇಂಗ್ಲೆಂಡಿನ ಜಾನ್ ಹಾಪ್ಕಿನ್ಸನ್, ವಿದ್ಯುತ್ತಿನ ಬೆಲೆಯಲ್ಲಿ ಎರಡು ಭಾಗಗಳಿರಬೇಕೆಂದು ವಾದಿಸಿದನು: ಗ್ರಾಹಕ ಒಮ್ಮೆಲೇ ಕೇಳಬಹುದಾದ ಗರಿಷ್ಠ ಬೇಡಿಕೆಗಾಗಿ ಯಂತ್ರಗಳನ್ನು ಸಿದ್ಧವಾಗಿಟ್ಟುಕೊಂಡಿರುವ ವೆಚ್ಚ ಒಂದು, ವಾಸ್ತವವಾಗಿ ಬಳಸಿದ ವಿದ್ಯುತ್ತಿನ ವೆಚ್ಚ ಇನ್ನೊಂದು. ಇಂದಿನ ಬಿಲ್ಲಿನಲ್ಲಿ ಕಾಣುವ ನಿಗದಿತ ಶುಲ್ಕ ಮತ್ತು ಯೂನಿಟ್ ಶುಲ್ಕಗಳ ಮೂಲ ಇಲ್ಲಿದೆ. ಈ ತತ್ತ್ವಕ್ಕೆ ಅನುಗುಣವಾಗಿ ಬ್ರೈಟನ್ನಿನಲ್ಲಿ ಆರ್ಥರ್ ರೈಟ್ ಬಳಕೆಗೆ ತಂದ ಗರಿಷ್ಠ ಬೇಡಿಕೆಯ ಮೀಟರನ್ನು ಕಂಡ ಷಿಕಾಗೋದ ಸ್ಯಾಮ್ಯುಯೆಲ್ ಇನ್ಸಲ್ ಅದನ್ನು ತನ್ನ ವ್ಯವಹಾರಕ್ಕೆ ಅಳವಡಿಸಿಕೊಂಡದ್ದು, ಯಂತ್ರಗಳು ಬಿಡುವಾಗಿರುವ ಹೊತ್ತಿನಲ್ಲಿ ಇನ್ನಷ್ಟು ವಿದ್ಯುತ್ ಮಾರುವುದಕ್ಕಾಗಿ. ಮುಂದೆ ಮಿತಬಳಕೆಯ ಸಾಧನವಾಗಲಿದ್ದ ದತ್ತಾಂಶ ಆರಂಭದಲ್ಲಿ ಬಳಕೆಯನ್ನು ಹೆಚ್ಚಿಸುವ ಸಾಧನವಾಗಿತ್ತೆಂಬ ವಿಚಿತ್ರವನ್ನು ಈ ವಿಷಯದ ಚರಿತ್ರೆಕಾರರು ಮರೆಯುವಂತಿಲ್ಲ.

ಮೈಸೂರು ಸಂಸ್ಥಾನದಲ್ಲಿ ಸನ್ನಿವೇಶ ಬೇರೆಯಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಾಗ ಅದರ ಬೆಲೆ ನಿಗದಿಯಾದದ್ದು ವರ್ಷಕ್ಕೆ ಅಶ್ವಶಕ್ತಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಹಗಲಿರುಳು ನಡೆಯುವ ಗಣಿಗೆ ಈ ಲೆಕ್ಕ ಒಪ್ಪುವಂಥದು; 1905ರಲ್ಲಿ ದೀಪಗಳನ್ನು ಕಂಡ ಬೆಂಗಳೂರಿನಂಥ ಊರಿನ ಮನೆ ಮತ್ತು ಕಚೇರಿಗಳಿಗೆ ಒಪ್ಪದು. ಅಶ್ವಶಕ್ತಿಯ ಲೆಕ್ಕ ಕರ್ನಾಟಕದ ನೀರಾವರಿ ಪಂಪುಸೆಟ್ಟುಗಳ ವಿಷಯದಲ್ಲಿ ಬಹುಕಾಲ ಉಳಿದುದರಿಂದ, ರಾಜ್ಯದ ಬಳಕೆಯ ಒಂದು ದೊಡ್ಡ ಪಾಲು ಅಳತೆಗೆ ಸಿಗದೆ ಅಂದಾಜಿನಲ್ಲೇ ಉಳಿಯಿತು.

ಅಂಕಿಗಳ ಓದು ದಿಕ್ಕು ಬದಲಿಸಿದ ಸ್ಥಳವೆಂದು ಒಂದನ್ನು ಹೆಸರಿಸಬೇಕಾದರೆ ಅದು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಬಡಾವಣೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾಬರ್ಟ್ ಸೊಕೊಲೊ ಮತ್ತು ಸಂಗಡಿಗರು 1972ರಲ್ಲಿ, ಅಂದರೆ 1973ರ ತೈಲ ಬಿಕ್ಕಟ್ಟಿಗೂ ಮುನ್ನ, ಅಲ್ಲಿನ ಸಾಲುಮನೆಗಳ ಬಳಕೆಯನ್ನು ಅಭ್ಯಸಿಸತೊಡಗಿದರು. ಒಂದೇ ನಕ್ಷೆಯ, ಒಂದೇ ಸಾಮಗ್ರಿಯ, ಒಂದೇ ಹವೆಗೆ ಒಡ್ಡಿಕೊಂಡ ಮನೆಗಳಲ್ಲಿ ಒಂದರ ಬಳಕೆ ಇನ್ನೊಂದರ ಎರಡು ಪಟ್ಟನ್ನು ಮೀರಿದ್ದುದು ಅವರಿಗೆ ಕಂಡುಬಂದಿತು. ಮನೆಯಲ್ಲಿದ್ದವರು ಬದಲಾದಾಗ ಆ ಮನೆಯ ಬಳಕೆಯೂ ಬದಲಾಗುತ್ತಿದ್ದುದರಿಂದ, ವ್ಯತ್ಯಾಸದ ಬಹುಭಾಗಕ್ಕೆ ಗೋಡೆಗಿಂತ ಗೋಡೆಯೊಳಗಿನ ಬದುಕು ಕಾರಣವೆಂಬುದು ಸ್ಪಷ್ಟವಾಯಿತು. ಹಾಗೆಂದು ಕಟ್ಟಡ ನಿರ್ದೋಷಿಯಾಗಿರಲಿಲ್ಲ. ಚಾವಣಿಯಡಿಯ ಅಟ್ಟದಲ್ಲಿಟ್ಟ ತಾಪಮಾಪಕಗಳು ಲೆಕ್ಕಾಚಾರಕ್ಕೆ ನಿಲುಕದ ಬಿಸಿಯನ್ನು ತೋರಿಸಿದ್ದರಿಂದ ಹುಡುಕಿದಾಗ, ಹೊಗೆಕೊಳವೆಯ ಸುತ್ತಲಿನ ಪೊಳ್ಳಿನಲ್ಲಿ ಮತ್ತು ಮನೆಗಳ ನಡುಗೋಡೆಗಳ ಸಂದಿನಲ್ಲಿ ಬೆಚ್ಚನೆಯ ಗಾಳಿ ಮೇಲೇರಿ ಸೋರಿಹೋಗುತ್ತಿದ್ದುದು ಪತ್ತೆಯಾಯಿತು. ಯಾವ ನಕ್ಷೆಯಲ್ಲೂ ಇಲ್ಲದ ದೋಷವೊಂದನ್ನು ಅಳತೆಯೇ ತೋರಿಸಿಕೊಟ್ಟಿತು. ಇದೇ ಯೋಜನೆಯ ಇನ್ನೊಂದು ಪ್ರಯೋಗದಲ್ಲಿ ಮನೆಯವರಿಗೆ ಅವರವರ ಬಳಕೆಯ ಮಟ್ಟವನ್ನು ಆಗಾಗ ತಿಳಿಸುತ್ತ ಬಂದಾಗ ವಿದ್ಯುತ್ ಬಳಕೆ ಸುಮಾರು ಶೇಕಡಾ 10ರಷ್ಟು ಇಳಿಯಿತು.

ಉಳಿತಾಯವನ್ನು ಸಾಧಿಸುವುದಕ್ಕಿಂತ ಅದನ್ನು ಸಾಬೀತುಪಡಿಸಿ ತೋರಿಸುವುದು ಕಷ್ಟ. ಏಕೆಂದರೆ ಚಳಿ ಕಡಿಮೆಯಿದ್ದ ವರ್ಷ ಏನನ್ನೂ ಮಾಡದವನ ಬಿಲ್ಲು ಕೂಡ ಇಳಿಯುತ್ತದೆ. ಈ ತೊಡಕಿಗೆ ಪ್ರಿನ್ಸ್‌ಟನ್ನಿನ ಮಾರ್ಗರೆಟ್ ಫೆಲ್ಸ್ 1986ರಲ್ಲಿ ಪ್ರಕಟಿಸಿದ ವಿಧಾನ ಪರಿಹಾರ ಒದಗಿಸಿತು. ಹೊರಗಿನ ತಾಪಮಾನ ಒಂದು ಆಧಾರಮಟ್ಟಕ್ಕಿಂತ ದಿನದಿನವೂ ಎಷ್ಟು ಕೆಳಗಿತ್ತೆಂಬುದನ್ನು ಕೂಡುತ್ತ ಹೋದರೆ ದೊರೆಯುವ ಮೊತ್ತಕ್ಕೆ ಡಿಗ್ರಿ-ದಿನ ಎನ್ನುತ್ತಾರೆ. ತಿಂಗಳ ಬಿಲ್ಲುಗಳನ್ನು ಈ ಮೊತ್ತದೊಂದಿಗೆ ತಾಳೆ ಹಾಕಿ, ಹವಾಮಾನದ ಪಾಲನ್ನು ಕಳೆದರೆ, ದುರಸ್ತಿಯಿಂದಾದ ನಿಜವಾದ ಉಳಿತಾಯ ಹೊರಬೀಳುತ್ತದೆ. ಹೊಸ ಉಪಕರಣವನ್ನೇ ಬೇಡದೆ ಹಳೆಯ ಬಿಲ್ಲುಗಳಿಂದಲೇ ಕೆಲಸ ನಡೆಸುವುದು ಈ ವಿಧಾನದ ದೊಡ್ಡ ಗುಣ. ಕಟ್ಟಡಗಳನ್ನು ಪರಸ್ಪರ ಹೋಲಿಸುವ ಕ್ರಮವೂ ಮುಂದೆ ಬೆಳೆದು, ನ್ಯೂಯಾರ್ಕ್ ನಗರ 2009ರಲ್ಲಿ ದೊಡ್ಡ ಕಟ್ಟಡಗಳ ಮಾಲೀಕರು ವರ್ಷವರ್ಷವೂ ಬಳಕೆಯ ಲೆಕ್ಕ ಸಲ್ಲಿಸಬೇಕೆಂದು ಶಾಸನ ಮಾಡಿತು.

ಭಾರತದಲ್ಲಿ 2001ರ ಇಂಧನ ಸಂರಕ್ಷಣಾ ಕಾಯಿದೆ, ಅದರ ಬೆನ್ನಿಗೆ ಇಂಧನ ದಕ್ಷತಾ ಬ್ಯೂರೊ, 2007ರಲ್ಲಿ ವಾಣಿಜ್ಯ ಕಟ್ಟಡಗಳ ಸಂಹಿತೆ, 2009ರಲ್ಲಿ ಕಚೇರಿ ಕಟ್ಟಡಗಳಿಗೆ ನಕ್ಷತ್ರ ಶ್ರೇಣಿ ಬಂದವು. ವರ್ಷದ ಒಟ್ಟು ಯೂನಿಟ್ಟುಗಳನ್ನು ಕಟ್ಟಡದ ಚದರ ಮೀಟರುಗಳಿಂದ ಭಾಗಿಸಿದಾಗ ಬರುವ ಸೂಚ್ಯಂಕವೇ ಶ್ರೇಣಿಯ ಆಧಾರ. ಇದು ಸರಳವಾದರೂ, ರಾತ್ರಿ ಪಾಳಿಯಲ್ಲಿ ನಡೆಯುವ ಕಚೇರಿಯನ್ನೂ ಸಂಜೆ ಬೀಗ ಹಾಕುವ ಕಚೇರಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಅಪಾಯ ಇದರಲ್ಲಿದೆ.

ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನ ಪೋಚಾರಂನಲ್ಲಿ ಕಟ್ಟಿದ ಕಚೇರಿ ಇಂಥ ಹೋಲಿಕೆಯ ಗೊಂದಲಗಳನ್ನು ಬಹುಮಟ್ಟಿಗೆ ನಿವಾರಿಸಿಕೊಂಡ ಪ್ರಯೋಗವಾಗಿದೆ. ಒಂದೇ ಕಟ್ಟಡದ ಎರಡು ಸಮಾನ ಭಾಗಗಳ ಪೈಕಿ ಒಂದಕ್ಕೆ ತಣ್ಣನೆಯ ಗಾಳಿ ಬೀಸುವ ರೂಢಿಯ ಹವಾನಿಯಂತ್ರಣವನ್ನು ಉತ್ತಮ ದರ್ಜೆಯಲ್ಲೇ ಅಳವಡಿಸಿ, ಇನ್ನೊಂದರಲ್ಲಿ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸಿ ಚಾವಣಿಯನ್ನೇ ತಂಪಾಗಿಡುವ ವ್ಯವಸ್ಥೆಯನ್ನು ಮಾಡಿ, ಎರಡಕ್ಕೂ ಪ್ರತ್ಯೇಕ ಮೀಟರುಗಳನ್ನಿಟ್ಟು ಹೋಲಿಸಿದಾಗ, ಎರಡನೆಯ ಭಾಗದ ಹವಾನಿಯಂತ್ರಣಕ್ಕೆ ತಗಲಿದ ವಿದ್ಯುತ್ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಿತ್ತು.

ಕಟ್ಟಿದವನೇ ಬಳಸುವ, ಬಳಸುವವನೇ ಬಿಲ್ಲು ಕಟ್ಟುವ ಕಟ್ಟಡದಲ್ಲಿ ಇದು ಸಾಧ್ಯವಾಯಿತೆಂಬುದನ್ನು ಗಮನಿಸಬೇಕು. ಬಾಡಿಗೆಯ ಕಟ್ಟಡಗಳಲ್ಲಿ ಯಂತ್ರವನ್ನು ಆರಿಸುವವನು ಮಾಲೀಕ, ಅದರ ವಿದ್ಯುತ್ತಿಗೆ ಹಣ ತೆರುವವನು ಬಾಡಿಗೆದಾರ, ಅಂಕಿಗಳನ್ನು ಇಟ್ಟುಕೊಂಡವನು ಇವರಿಬ್ಬರಲ್ಲಿ ಯಾರೂ ಅಲ್ಲದ ನಿರ್ವಹಣಾ ಸಂಸ್ಥೆಯವನು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಸ್ಕಾಂ ವಿದ್ಯುತ್ತನ್ನೂ ಜನರೇಟರಿನ ವಿದ್ಯುತ್ತನ್ನೂ ಬೇರೆಬೇರೆಯಾಗಿ ಎಣಿಸುವ ಮೀಟರುಗಳು ಬಂದಿವೆಯಾದರೂ, ಅವು ಬಂದದ್ದು ಡೀಸೆಲ್ಲಿನ ಖರ್ಚನ್ನು ಹಂಚಿ ವಸೂಲು ಮಾಡುವುದಕ್ಕಾಗಿ.