ಗಡಿನಾಡಿನ ತರಗತಿಯಲ್ಲಿ ಕಾವ್ಯಪರಿಭಾಷೆ

ಶಾಲೆಯೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಕಟ್ಟಡಗಳ, ದಾನಿಗಳ, ಮುಖ್ಯೋಪಾಧ್ಯಾಯರ ಚರಿತ್ರೆಯನ್ನು ಬರೆಯುವುದು ವಾಡಿಕೆ. ನಾವು ಇಲ್ಲಿ ಬರೆಯಹೊರಟಿರುವುದು ಕರಿಹಲಗೆಯ ಮೇಲೆ ಪ್ರತಿ ವರ್ಷವೂ ಬರೆದು ಅಳಿಸಿದ ಕೆಲವು ಮಾತುಗಳ ಚರಿತ್ರೆಯನ್ನು. ಲಘು, ಗುರು, ಪ್ರಾಸ, ಯತಿ, ಕಂದ, ಉಪಮೆ, ಅಂಕಿತ, ಕಾದಂಬರಿ, ಸಣ್ಣಕಥೆ: ಪದ್ಯವನ್ನೂ ಕಥೆಯನ್ನೂ ಓದುವುದಕ್ಕೆ ಬೇಕಾದ ಈ ಪಾರಿಭಾಷಿಕ ಪದಗಳು ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯ ಮಗುವಿಗೆ ಎರಡು ಕಡೆಗಳಿಂದ ಕೇಳಿಬರುತ್ತವೆ. ಒಂದು ಕಡೆ ಕನ್ನಡ ಪಂಡಿತರ ಪಾಠ. ಇನ್ನೊಂದು ಕಡೆ ಪಕ್ಕದ ಕೊಠಡಿಯಿಂದ ತೇಲಿಬರುವ ತೆಲುಗು ಪದ್ಯ. ಈ ಎರಡನ್ನೂ ಕೇಳಿ ಬೆಳೆದುದೇ ನಮ್ಮ ವಿದ್ಯಾರ್ಥಿಗಳ ವಿಶೇಷವೆಂದು ನಾವು ನಂಬಿದ್ದೇವೆ.

ನೆಲ ಮತ್ತು ನುಡಿ

ಕನ್ನಡದಲ್ಲಿ ಇಂದು ದೊರೆಯುವ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ ಒಂದು ಕಥೆಯಲ್ಲ, ಪುರಾಣವೂ ಅಲ್ಲ. ಅದು ಕಾವ್ಯವನ್ನು ಅರಿಯುವ ಬಗೆಯನ್ನು ಕಲಿಸುವ ಪುಸ್ತಕ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯನು ರಚಿಸಿದ ಈ ಕೃತಿ ಕಾವ್ಯದ ದೋಷಗಳನ್ನೂ ಗುಣಗಳನ್ನೂ ಅಲಂಕಾರಗಳನ್ನೂ ವಿವರಿಸುತ್ತದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಕನ್ನಡನಾಡೆಂದು ಹೇಳುವುದೂ ಇದೇ ಗ್ರಂಥ. ಆ ಎರಡು ನದಿಗಳ ನಡುವೆಯೇ ನಮ್ಮ ಪೆನ್ನೆ ಹರಿಯುತ್ತದೆ. ಮಡಕಶಿರದ ಕಡೆಯ ಹೇಮಾವತಿಯು ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಅವರ ಕಾಲದ ಕನ್ನಡ ಶಾಸನಗಳು ಈ ಸೀಮೆಯಲ್ಲಿ ದೊರೆತಿವೆ.

ಆಡಳಿತದ ಗೆರೆಗಳು ಮಾತ್ರ ಹಲವು ಸಲ ಸರಿದಿವೆ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಬೇರೆಯಾಯಿತು. 1953ರಲ್ಲಿ ಆಂಧ್ರ ರಾಜ್ಯ ಉದಯಿಸಿತು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಗೆರೆ ಸರಿದರೂ ಮನೆಯ ಮಾತು ಸರಿಯಲಿಲ್ಲ.

ಎರಡು ಭಾಷೆಗಳ ಸಮಾನ ಸ್ವತ್ತು

ಛಂದಸ್ಸಿನ ಪಾಠಕ್ಕೆ ನಮ್ಮೂರಿನ ಹೆಸರುಗಳೇ ಸಾಕು. ‘ಹಿಂದೂಪುರ’ ಎಂಬುದರಲ್ಲಿ ಎರಡು ಗುರು, ಎರಡು ಲಘು. ಒಟ್ಟು 6 ಮಾತ್ರೆ. ‘ಕಲ್ಯಾಣದುರ್ಗ’ದಲ್ಲಿ ಒತ್ತಕ್ಷರದ ಹಿಂದಿನ ‘ಕ’ ಮತ್ತು ‘ದು’ ಗುರುಗಳಾಗುತ್ತವೆ. ಒಟ್ಟು 8 ಮಾತ್ರೆ. ಇಷ್ಟು ಎಣಿಸಬಲ್ಲ ಮಗುವಿಗೆ ಕಂದಪದ್ಯದ ಬಾಗಿಲು ತೆರೆದಂತೆಯೇ. ನಾಲ್ಕು ಮಾತ್ರೆಯ ಗಣಗಳು ಸಾಲಿನಿಂದ ಸಾಲಿಗೆ 3, 5, 3, 5 ಎಂದು ಬಂದರೆ ಒಟ್ಟು 64 ಮಾತ್ರೆಗಳ ಕಂದವಾಗುತ್ತದೆ. ತೆಲುಗಿನ ಕಂದದ ಲೆಕ್ಕವೂ ಇದೇ.

ಈ ನಂಟು ಎಷ್ಟು ಹಳೆಯದೆಂಬುದಕ್ಕೆ ಕರೀಂನಗರದ ಕಡೆಯ ಕುರಿಕ್ಯಾಲ ಶಾಸನ ಸಾಕ್ಷಿ. ಹತ್ತನೆಯ ಶತಮಾನದ ಆ ಬಂಡೆಯ ಮೇಲೆ ಆದಿಕವಿ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿಯೂ ಬರೆಸಿದ್ದಾನೆ. ತೆಲುಗಿನ ಭಾಗದಲ್ಲಿರುವುದು ಕಂದಪದ್ಯಗಳು. ಕನ್ನಡದ ಆದಿಕವಿಯ ಮನೆಯಲ್ಲಿಯೇ ತೆಲುಗಿನ ಕಂದ ಹುಟ್ಟಿತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಅದೇ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ‘ಛಂದೋಂಬುಧಿ’ಯನ್ನು ಬರೆದನು. ಶಾಸ್ತ್ರವನ್ನು ಅವನು ತನ್ನ ಮಡದಿಗೆ ಹೇಳಿಕೊಡುವಂತೆ ನಿರೂಪಿಸಿದ್ದಾನೆ. ಕಠಿನವಾದ ವಿಷಯವನ್ನು ಆಪ್ತವಾಗಿ ಹೇಳಬೇಕೆಂಬ ಉಪಾಧ್ಯಾಯಧರ್ಮ ಅಲ್ಲಿದೆ. ಉತ್ಪಲಮಾಲೆಯ ಪ್ರತಿ ಸಾಲಿನಲ್ಲಿ 20 ಅಕ್ಷರ. ಅದರ ಮೊದಲ ಗುರುವನ್ನು ಎರಡು ಲಘುಗಳಾಗಿ ಒಡೆದರೆ 21 ಅಕ್ಷರದ ಚಂಪಕಮಾಲೆ. ಈ ಎರಡು ವೃತ್ತಗಳನ್ನು ತೆಲುಗು ಪದ್ಯಪಠನದಲ್ಲಿ ಕೇಳಿದ ಹುಡುಗನು ಕನ್ನಡ ತರಗತಿಯಲ್ಲಿ ಅವುಗಳನ್ನು ಕಂಡು ಹಳೆಯ ಗೆಳೆಯನನ್ನು ಕಂಡಂತೆ ಹಿಗ್ಗುತ್ತಾನೆ.

ಹೆಸರು ಒಂದೇ, ಅರ್ಥ ಬೇರೆ

ಆದರೆ ಇಲ್ಲಿಯೇ ಎಡವುವ ಅಪಾಯವೂ ಇದೆ. ‘ಯತಿ’ ಎಂದರೆ ಕನ್ನಡದಲ್ಲಿ ಸಾಲಿನ ನಡುವೆ ನಿಲ್ಲುವ ತಾಣ. ಕನ್ನಡ ಕವಿಗಳು ಅದನ್ನು ದಾಟಿ ಹೋಗುವುದೂ ಸಹಜ. ತೆಲುಗಿನಲ್ಲಿ ಯತಿ ಎಂದರೆ ನಿಲುಗಡೆಯಲ್ಲ, ಅಕ್ಷರಗಳ ಮೈತ್ರಿ. ಉತ್ಪಲಮಾಲೆಯ ಸಾಲಿನ ಮೊದಲ ಅಕ್ಷರಕ್ಕೆ ಹತ್ತನೆಯ ಅಕ್ಷರ ಹೊಂದಿಕೊಳ್ಳಲೇಬೇಕು. ‘ಪ್ರಬಂಧ’ ಎಂದರೆ ನಮಗೆ ಗದ್ಯದ ಬರಹ. ತೆಲುಗಿನಲ್ಲಿ ಅದು ಕೃಷ್ಣದೇವರಾಯನ ಕಾಲದ ಅಲ್ಲಸಾನಿ ಪೆದ್ದನನ ‘ಮನುಚರಿತ್ರ’ದಂತಹ ಪದ್ಯಕಾವ್ಯ. ನಾವು ಪ್ರಬಂಧವೆನ್ನುವುದನ್ನು ಅವರು ‘ವ್ಯಾಸಂ’ ಎನ್ನುತ್ತಾರೆ. ಬಾಣಭಟ್ಟನ ಗದ್ಯಕಾವ್ಯದ ಹೆಸರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ‘ಕಾದಂಬರಿ’ ಎಂಬ ಸಾಹಿತ್ಯಪ್ರಕಾರದ ಹೆಸರಾಯಿತು. ತೆಲುಗು ಅದನ್ನೇ ‘ನವಲ’ ಎಂದು ಕರೆಯಿತು.

ಹೆಸರು ಬೇರೆಯಾಗಿ ವಸ್ತು ಒಂದೇ ಆಗಿರುವುದೂ ಉಂಟು. ಸರ್ವಜ್ಞನ ತ್ರಿಪದಿಯ ಕೊನೆಯಲ್ಲಿ ಅವನ ಹೆಸರು ಬರುತ್ತದೆ. ಅದನ್ನು ಅಂಕಿತ ಎನ್ನುತ್ತೇವೆ. ಕದಿರಿಯ ಬಳಿಯ ಕಟಾರುಪಲ್ಲಿಯಲ್ಲಿ ಸಮಾಧಿಯಿರುವ ವೇಮನನ ಆಟವೆಲದಿ ಪದ್ಯಗಳ ಕೊನೆಯಲ್ಲಿಯೂ ಹಾಗೆಯೇ ಹೆಸರು ಬರುತ್ತದೆ. ತೆಲುಗಿನಲ್ಲಿ ಅದು ‘ಮಕುಟಂ’. ಒಮ್ಮೆ ಅಂಕಿತವನ್ನು ಗುರುತಿಸಿರೆಂಬ ಪ್ರಶ್ನೆಗೆ ವಿದ್ಯಾರ್ಥಿಯೊಬ್ಬನು ‘ಮಕುಟ’ ಎಂದು ತಲೆಬರಹ ಕೊಟ್ಟು ಸರಿಯಾದ ಪದವನ್ನೇ ಬರೆದಿದ್ದನು. ನಮ್ಮಲ್ಲಿ ಒಬ್ಬರು ಅದಕ್ಕೆ ಕೆಂಪು ಗೆರೆ ಎಳೆದಿದ್ದರು. ಆ ಹುಡುಗ ತಪ್ಪಿರಲಿಲ್ಲ. ಅವನ ತಿಳಿವಳಿಕೆಯನ್ನು ಅಳೆಯುವ ಬದಲು ನಾವು ಹೆಸರನ್ನು ಅಳೆದಿದ್ದೆವು. ಆ ಕೆಂಪು ಗೆರೆಯ ಅಳಲು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಹೊಸಗನ್ನಡದ ಹೊಸ ಹೆಸರುಗಳು

ಪರಿಭಾಷೆ ಎಂದೂ ನಿಂತ ನೀರಲ್ಲ. ನಮ್ಮಂತೆಯೇ ಗಡಿನಾಡಾದ ಮಂಜೇಶ್ವರದ ಗೋವಿಂದ ಪೈಯವರು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಪದ್ಯ ಬರೆದರು. ಶತಮಾನಗಳ ನಿಯಮವೊಂದು ಸಡಿಲವಾಯಿತು. ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ 1920ರಲ್ಲಿ ಪ್ರಕಟವಾಯಿತು. ಹದಿನಾಲ್ಕು ಸಾಲಿನ ಪದ್ಯಕ್ಕೆ ‘ಸುನೀತ’ ಎಂಬ ಹೆಸರು ಬಂದಿತು. ‘ಭಾವಗೀತೆ’ ಎಂಬ ಮಾತು ಮನೆಮಾತಾಯಿತು. ಕಥೆಯನ್ನು ಓದುವಾಗ ವಸ್ತು, ಪಾತ್ರ, ಸನ್ನಿವೇಶ, ನಿರೂಪಕ ಎಂಬವನ್ನು ಬೇರೆ ಬೇರೆಯಾಗಿ ನೋಡುವ ಕ್ರಮವೂ ತರಗತಿಗೆ ಬಂದಿತು. ಇವುಗಳಲ್ಲಿ ಮುಖ್ಯವಾದುದು ನಿರೂಪಕ. ಕಥೆಯಲ್ಲಿ ‘ನಾನು’ ಎನ್ನುವವನು ಕಥೆ ಬರೆದವನೇ ಆಗಿರಬೇಕಿಲ್ಲವೆಂದು ಅರಿತ ಮಗು, ಕೇಳಿದ ಮಾತನ್ನೆಲ್ಲ ನಂಬುವ ಮೊದಲು ಹೇಳುತ್ತಿರುವವರು ಯಾರೆಂದು ವಿಚಾರಿಸಲು ಕಲಿಯುತ್ತದೆ.

ಕಲಿತು ಏನು ಪ್ರಯೋಜನ?

ಪೋಷಕರು ನಮ್ಮನ್ನು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೂ ಹೌದು. ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಸೇರಿಸಲು ಹಿಂಜರಿಯುವ ಕಾಲದಲ್ಲಿ ಕೇವಲ ಅಭಿಮಾನದ ಉತ್ತರ ಸಾಲದು. ಲಕ್ಷಣಗಳನ್ನು ಬಾಯಿಪಾಠ ಮಾಡಿಸಿ ಅಂಕ ಕೊಡುವುದಷ್ಟೇ ಆದರೆ ಪ್ರಯೋಜನ ಅಲ್ಪವೆಂದು ನಾವೇ ಒಪ್ಪುತ್ತೇವೆ. ‘ಅವನ ಜೇಬು ಬೇಸಗೆಯ ಪೆನ್ನೆಯಂತೆ ಬರಿದಾಗಿದೆ’ ಎಂದರೆ ತರಗತಿ ನಗುತ್ತದೆ. ಆ ನಗುವಿನ ನಡುವೆ ಜೇಬು ಉಪಮೇಯ, ಪೆನ್ನೆ ಉಪಮಾನ, ‘ಅಂತೆ’ ವಾಚಕ, ಬರಿದಾಗಿರುವುದು ಸಮಾನಧರ್ಮ ಎಂದು ತೋರಿಸಿದರೆ ಮರೆಯುವವರಿಲ್ಲ. ‘ಅವನ ಜೇಬೇ ಬೇಸಗೆಯ ಪೆನ್ನೆ’ ಎಂದೊಡನೆ ರೂಪಕವೂ ತಾನಾಗಿ ತಿಳಿಯುತ್ತದೆ. ಮೊದಲು ಸವಿ, ಆಮೇಲೆ ಹೆಸರು. ಇದು ನಾವು ತಡವಾಗಿ ಕಲಿತ ಪಾಠ.

ಹೀಗೆ ಕಲಿತವರು ಎಲ್ಲಿಯವರೆಗೆ ಹೋಗಬಲ್ಲರೆಂಬುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವಿದೆ. ಕಲ್ಯಾಣದುರ್ಗದ ಕಡೆಯ ರಾಳ್ಳಪಲ್ಲಿ ಗ್ರಾಮದಲ್ಲಿ 1893ರಲ್ಲಿ ಜನಿಸಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಬೋಧಿಸಿದರು, ವೇಮನನನ್ನು ಕುರಿತು ತೆಲುಗಿನಲ್ಲಿ ಬರೆದರು, ಕನ್ನಡದಲ್ಲಿಯೂ ಗ್ರಂಥರಚನೆ ಮಾಡಿದರು. ಎರಡು ಭಾಷೆಗಳು ಅವರಿಗೆ ಎರಡು ಹೊರೆಗಳಾಗಿರಲಿಲ್ಲ, ಎರಡು ಕಣ್ಣುಗಳಾಗಿದ್ದವು.

ನಮ್ಮ ಎಲ್ಲ ವಿದ್ಯಾರ್ಥಿಗಳೂ ವಿದ್ವಾಂಸರಾಗಬೇಕಿಲ್ಲ. ಆದರೆ ಕನ್ನಡದ ಪದ್ಯವನ್ನು ಬಿಡಿಸಿ ಓದಬಲ್ಲವನಿಗೆ ತೆಲುಗಿನ ಪದ್ಯವೂ ಬಹುಪಾಲು ದಕ್ಕುತ್ತದೆ. ವ್ಯತ್ಯಾಸವಿರುವ ಕಡೆ ಎಚ್ಚರವೂ ಇರುತ್ತದೆ. ಈ ಶಾಲೆಯ ಮಕ್ಕಳಿಗೆ ದೊರೆಯುವ ವಿಶೇಷ ಲಾಭ ಅದು. ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ: ನಿಮ್ಮ ಮನೆಯ ಮಕ್ಕಳನ್ನು ಬಳಿ ಕೂರಿಸಿಕೊಂಡು ನೆನಪಿರುವ ಒಂದು ಪದ್ಯವನ್ನು ಗಟ್ಟಿಯಾಗಿ ಹೇಳಿರಿ. ಲಘು-ಗುರುಗಳ ಹೆಸರನ್ನು ನಾವು ಶಾಲೆಯಲ್ಲಿ ಹೇಳಿಕೊಡುತ್ತೇವೆ.