ಹಳೆಯ ಸ್ಪೋರ್ಟ್ಸ್ ಕಾರಿಗೆ ಎಂಥ ಟೈರು?

ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಎಂಜಿಬಿ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಕಾರುಗಳನ್ನು ಇಂದಿಗೂ ಜೋಪಾನವಾಗಿ ಓಡಿಸುವವರಿದ್ದಾರೆ. ತಿರುವಿನಲ್ಲಿ ಕಾರು ಇನ್ನೂ ಚೆನ್ನಾಗಿ ಮಾತು ಕೇಳಲಿ ಎಂದು ಇವರಲ್ಲಿ ಹಲವರು ಮೊದಲು ಮಾಡುವ ಕೆಲಸ ಅಗಲವಾದ ಹೊಸ ಟೈರು ಹಾಕಿಸುವುದು. ಅಗಲ ಹೆಚ್ಚಿದರೆ ಹಿಡಿತ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ಉಳಿದರ್ಧ ತಿಳಿಯಬೇಕಾದರೆ ಟೈರಿನೊಳಗೆ ಅಡಗಿರುವ ಹುರಿಗಳ ಚರಿತ್ರೆಯನ್ನು ನೋಡಬೇಕು.

ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದವನು ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್. (ಅವನಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ಥಾಮ್ಸನ್ ಎಂಬಾತ ಇದೇ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಆಗ ಅದನ್ನು ಕೇಳುವವರೇ ಇರಲಿಲ್ಲ.) ಗಾಳಿಯ ಒತ್ತಡವನ್ನು ತಡೆದು ಟೈರಿನ ಆಕಾರ ಕಾಪಾಡುವುದು ಬರಿಯ ರಬ್ಬರಿನಿಂದ ಆಗುವ ಕೆಲಸವಲ್ಲ, ಅದರಲ್ಲಿ ಹುದುಗಿರುವ ಹುರಿಗಳು ಆ ಕೆಲಸ ಮಾಡುತ್ತವೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಹುರಿಗಳನ್ನು ಓರೆಯಾಗಿ ಹಾಸುತ್ತಿದ್ದರು. ಒಂದು ಪದರ ಎಡಕ್ಕೆ ಓರೆ, ಅದರ ಮೇಲಿನದು ಬಲಕ್ಕೆ ಓರೆ. ನಮ್ಮ ಚಾಲಕರು ‘ನೈಲಾನ್ ಟೈರು’ ಎಂದು ಕರೆಯುವುದು ಇದನ್ನೇ. ಅಂಬಾಸಡರ್ ಕಾರು ಬಹುಕಾಲ ಓಡಿದ್ದೂ ಇದರ ಮೇಲೆಯೇ.

ಓರೆಹುರಿ ಟೈರಿನಲ್ಲಿ ಪಕ್ಕದ ಗೋಡೆಗೂ ನೆಲ ಮುಟ್ಟುವ ಪಟ್ಟಿಗೂ ಇರುವುದು ಅದೇ ಹುರಿಗಳ ಹಾಸು. ಆದ್ದರಿಂದ ಗೋಡೆ ಬಾಗಿದಾಗಲೆಲ್ಲ ಪಟ್ಟಿಯೂ ಹೊರಳಾಡುತ್ತದೆ, ರಬ್ಬರು ಸವೆಯುತ್ತದೆ, ಬಿಸಿಯೇರುತ್ತದೆ. ಈ ಬಿಸಿಯ ಮೂಲವನ್ನು ಹುಡುಕಹೊರಟವನು ಫ್ರಾನ್ಸಿನ ಮಿಶೆಲಿನ್ ಕಂಪನಿಯ ಮಾರಿಯಸ್ ಮಿನ್ಯೋಲ್. ಮೂಲತಃ ಆತ ಕಂಪನಿಯ ಮುದ್ರಣಾಲಯದ ಕೆಲಸಗಾರ. ವಿದೇಶೀ ಹಣದ ಲೆಕ್ಕಕ್ಕೆಂದು ಆತ ತಾನೇ ಮಾಡಿಕೊಂಡಿದ್ದ ಗಣನ ಪಟ್ಟಿಯೊಂದು ಮಾಲೀಕ ಎದುವಾರ್ ಮಿಶೆಲಿನ್‌ನ ಕಣ್ಣಿಗೆ ಬಿದ್ದು, ಆತ ಸಂಶೋಧನಾ ವಿಭಾಗ ಸೇರಿದನೆಂದು ಹೇಳುತ್ತಾರೆ. ಮಿನ್ಯೋಲ್ ಪಕ್ಕದ ಗೋಡೆಯ ಹುರಿಗಳನ್ನೆಲ್ಲ ತೆಗೆದು, ಅಲ್ಲಲ್ಲಿ ಉಕ್ಕಿನ ತಂತಿಗಳನ್ನು ಮಾತ್ರ ಅಡ್ಡಲಾಗಿ ಇಟ್ಟು ಟೈರು ಮಾಡಿದ. ನೋಡುವುದಕ್ಕೆ ಅದು ನೊಣ ಹಿಡಿಯುವ ಬೋನಿನಂತಿದ್ದುದರಿಂದ ಆ ಹೆಸರೇ ಅಂಟಿತು. ಹುರಿಗಳು ಅಂಚಿನಿಂದ ಅಂಚಿಗೆ ನೇರವಾಗಿದ್ದರೆ ಗೋಡೆ ತನ್ನಷ್ಟಕ್ಕೆ ಬಾಗಬಲ್ಲದು, ಮೇಲೆ ಉಕ್ಕಿನ ಸುತ್ತುಪಟ್ಟಿ ಬಿಗಿದರೆ ನೆಲದ ಪಟ್ಟಿ ಚಪ್ಪಟೆಯಾಗಿ ಕೂರುತ್ತದೆ. 1946ರಲ್ಲಿ ಪೇಟೆಂಟ್ ಆದ ಈ ರೇಡಿಯಲ್ ಟೈರು 1949ರಲ್ಲಿ ‘ಮಿಶೆಲಿನ್ ಎಕ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ ಇಟಲಿಯ ಪಿರೆಲ್ಲಿ ಉಕ್ಕಿನ ಬದಲು ಬಟ್ಟೆಯ ಸುತ್ತುಪಟ್ಟಿ ಬಳಸಿ ‘ಚಿಂತುರಾಟೊ’ ತಯಾರಿಸಿತು. ಪಟ್ಟಿ ಬಿಗಿದದ್ದು ಎಂದೇ ಆ ಹೆಸರಿನ ಅರ್ಥ.

ಇನ್ನು ತಿರುವಿನ ವಿಷಯ. ಸ್ಟೇರಿಂಗ್ ತಿರುಗಿಸಿದಾಗ ಗಾಲಿ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಕೆಲವು ಡಿಗ್ರಿಗಳ ಅಂತರವಿರುತ್ತದೆ. ಇದನ್ನು ಜಾರುಕೋನ ಎನ್ನೋಣ. ಹೆಸರು ಜಾರುಕೋನವಾದರೂ ಇಲ್ಲಿ ನಡೆಯುವುದು ಹೆಚ್ಚಾಗಿ ರಬ್ಬರಿನ ತಿರುಚುವಿಕೆ. ಆ ತಿರುಚುವಿಕೆಯೇ ಕಾರನ್ನು ತಿರುವಿನೊಳಕ್ಕೆ ತಳ್ಳುವ ಬಲವನ್ನು ಒದಗಿಸುತ್ತದೆ. ಒಂದೇ ಪ್ರಮಾಣದ ಬಲಕ್ಕೆ ಓರೆಹುರಿ ಟೈರಿಗೆ ಹೆಚ್ಚು ಕೋನ ಬೇಕು, ರೇಡಿಯಲ್‌ಗೆ ಕಡಿಮೆ ಸಾಕು. ಆದರೆ ಓರೆಹುರಿ ಟೈರು ಮಿತಿ ದಾಟುವ ಮುನ್ನ ನಿಧಾನವಾಗಿ ಸೂಚನೆ ಕೊಡುತ್ತದೆ. ಮೊದಮೊದಲ ಉಕ್ಕಿನ ಪಟ್ಟಿಯ ರೇಡಿಯಲ್‌ಗಳು ಬಿಗಿಯಾಗಿ ಹಿಡಿದಿದ್ದು ಹಠಾತ್ತನೆ ಬಿಟ್ಟುಕೊಡುತ್ತಿದ್ದವು. ಬಟ್ಟೆಪಟ್ಟಿಯ ಚಿಂತುರಾಟೊ ಈ ವಿಷಯದಲ್ಲಿ ಸೌಮ್ಯ. ಸ್ಪೋರ್ಟ್ಸ್ ಕಾರು ಓಡಿಸುವವರಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮುಂದಿನ ಮತ್ತು ಹಿಂದಿನ ಗಾಲಿಗಳ ಜಾರುಕೋನಗಳ ನಡುವಿನ ವ್ಯತ್ಯಾಸವೇ ಕಾರಿನ ಸ್ವಭಾವವನ್ನು ನಿರ್ಧರಿಸುತ್ತದೆ. ಹಿಂದಿನದು ಹೆಚ್ಚಾದರೆ ಕಾರಿನ ಬಾಲ ಹೊರಕ್ಕೆ ತಿರುಗುತ್ತದೆ. ಆದ್ದರಿಂದಲೇ ಮುಂದೆ ರೇಡಿಯಲ್, ಹಿಂದೆ ಓರೆಹುರಿ ಹಾಕುವುದು ಬ್ರಿಟನ್ನಿನಲ್ಲಿ ಕಾನೂನಿಗೆ ವಿರುದ್ಧ. ಗಾಳಿಯ ಒತ್ತಡಕ್ಕೂ ಇದೇ ಶಕ್ತಿಯುಂಟು. ಹಿಂಬದಿಯಲ್ಲಿ ಎಂಜಿನ್ ಇದ್ದ 1960ರ ಷೆವ್ರೊಲೆ ಕಾರ್ವೇರ್ ಕಾರಿಗೆ ಮುಂದೆ 15 ಪೌಂಡ್, ಹಿಂದೆ 26 ಪೌಂಡ್ ಗಾಳಿ ಎಂದು ತಯಾರಕರು ಸೂಚಿಸಿದ್ದರು. ನಾಲ್ಕೂ ಗಾಲಿಗೆ ಒಂದೇ ಸಮ ಗಾಳಿ ಹಿಡಿಸುವ ನಮ್ಮೆಲ್ಲರ ಅಭ್ಯಾಸ ಅಲ್ಲಿ ಅಪಾಯಕಾರಿ. ರಾಲ್ಫ್ ನಾಡರ್ 1965ರ ತನ್ನ ಪುಸ್ತಕದಲ್ಲಿ ಈ ಕಾರಿನ ಮೇಲೆ ಹರಿಹಾಯ್ದಾಗ ಇದೂ ಚರ್ಚೆಗೆ ಬಂತು.

ಈಗ ಎಂಜಿಬಿಗೆ ಮರಳೋಣ. ಮೊದಲಿಗೆ ಅದಕ್ಕಿದ್ದದ್ದು 5.60-14 ಅಳತೆಯ ಓರೆಹುರಿ ಟೈರು. ಆಮೇಲೆ 155 ಮತ್ತು 165 ಮಿ.ಮೀ. ಅಗಲದ ರೇಡಿಯಲ್‌ಗಳು ಬಂದವು. ಮುಂದಿನ ಗಾಲಿಗಳು ನೆತ್ತಿಯ ಕಡೆ ಸುಮಾರು ಒಂದು ಡಿಗ್ರಿ ಹೊರಕ್ಕೆ ವಾಲಿರುತ್ತವೆ. ತಿರುವಿನಲ್ಲಿ ಮೈ ವಾಲಿದಾಗ ಹೊರಮಗ್ಗುಲಿನ ಗಾಲಿ ಇನ್ನೂ ವಾಲುತ್ತದೆ. ದುಂಡು ಭುಜದ ಕಿರಿದಾದ ಟೈರಿಗೆ ಇದರಿಂದ ತೊಂದರೆಯಿಲ್ಲ. ಅಗಲವಾದ ಚಪ್ಪಟೆ ಟೈರಾದರೋ ಒಳ ಅಂಚನ್ನು ಎತ್ತಿ ಹೊರ ಅಂಚಿನ ಮೇಲೆ ಓಡುತ್ತದೆ. ದುಡ್ಡು ಕೊಟ್ಟು ಕೊಂಡ ಅಗಲ ಬೇಕಾದ ಹೊತ್ತಿಗೆ ನೆಲಕ್ಕೆ ತಾಗುವುದೇ ಇಲ್ಲ!

ಅಳತೆಯ ಲೆಕ್ಕವನ್ನೂ ನೋಡಿ. 165/80-14 ಟೈರಿನ ಒಟ್ಟು ವ್ಯಾಸ ಸುಮಾರು 620 ಮಿ.ಮೀ. 195/60-14 ಹಾಕಿದರೆ ಅದು 590ಕ್ಕೆ ಇಳಿಯುತ್ತದೆ. ಕಾರು 15 ಮಿ.ಮೀ. ತಗ್ಗುತ್ತದೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವಾಗ ಮೀಟರು 105 ತೋರಿಸುತ್ತದೆ. ಅದಕ್ಕೆ ಬೇಕಾದ ಐದೂವರೆ ಅಂಗುಲದ ರಿಮ್ಮು ಹಳೆಯ ಎಂಜಿಬಿಗಳಲ್ಲಿ ಇಲ್ಲ; ಇರುವುದು ನಾಲ್ಕು ಅಥವಾ ನಾಲ್ಕೂವರೆ. ಪವರ್ ಸ್ಟೇರಿಂಗ್ ಇಲ್ಲದ ಕಾರಾದ್ದರಿಂದ ನಿಲ್ಲಿಸುವಾಗ ತೋಳು ಸೋಲುತ್ತದೆ. ನಾಲ್ಕೂವರೆ ಅಂಗುಲದ ರಿಮ್ಮಿಗೆ 185/70-14 ಕೊನೆಯ ಮಿತಿ. ಅದರ ವ್ಯಾಸ 615 ಮಿ.ಮೀ., ಹೆಚ್ಚು ಏರುಪೇರಿಲ್ಲ. ನನ್ನ ಅಭಿಪ್ರಾಯದಲ್ಲಿ 165ರ ಒಳ್ಳೆಯ ರೇಡಿಯಲ್ಲೇ ಈ ಕಾರಿಗೆ ಒಪ್ಪುವಂಥದ್ದು. ಪಿರೆಲ್ಲಿ, ಮಿಶೆಲಿನ್‌ಗಳು ಹಳೆಯ ಅಳತೆ ಮತ್ತು ವಿನ್ಯಾಸಗಳಲ್ಲೇ ಇಂಥ ಕಾರುಗಳಿಗೆಂದು ಮತ್ತೆ ಟೈರು ತಯಾರಿಸುತ್ತಿವೆ.

ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳನ್ನು ಓದುವುದನ್ನು ಮರೆಯಬಾರದು. 3508 ಎಂದಿದ್ದರೆ ಅದು 2008ರ 35ನೆಯ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿಗಳಿದ್ದರೆ 2000ಕ್ಕಿಂತ ಹಿಂದಿನದು. ಶೆಡ್ಡಿನಲ್ಲೇ ಕಾಲ ಕಳೆಯುವ ಕಾರಿನ ಟೈರು ಸವೆಯದೆ ಹೊಸದರಂತೆ ಕಂಡರೂ ಒಳಗಿನ ರಬ್ಬರು ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ಮಳೆಯ ದಿನ ಮೊದಲು ಕೈಕೊಡುವುದು ಇಂಥ ಟೈರೇ.